ಬಯೋಡೇಟಾ ಬರೆಯುವವರು ಮತ್ತು ಬರೆಯುವ ಯಂತ್ರ

ಪದವಿ ಪರೀಕ್ಷೆಯ ಫಲಿತಾಂಶ ಬಂದ ವಾರ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂತಹ ಹೋಬಳಿ ಕೇಂದ್ರದಲ್ಲಿ ಯಾವ ಅಂಗಡಿಯ ಮುಂದೆ ವಿದ್ಯಾರ್ಥಿಗಳ ಗುಂಪು ಹೆಚ್ಚಾಗಿರುತ್ತದೆ? ಬೇಕರಿಯ ಮುಂದೆ ಎಂದು ನೀವು ಹೇಳಬಹುದು. ಅದರಷ್ಟೇ ಜನ ಜೆರಾಕ್ಸ್ ಅಂಗಡಿಯ ಮುಂದೆಯೂ ಇರುತ್ತಾರೆ. ಅಂಕಪಟ್ಟಿಯ ನಕಲು, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಅಳತೆಯ ಫೋಟೊ, ಇವುಗಳ ಜೊತೆಗೆ ಇನ್ನೊಂದು ಕೆಲಸವೂ ಅಲ್ಲಿ ಆಗುತ್ತದೆ. "ಅಣ್ಣ, ಒಂದು ಬಯೋಡೇಟಾ ಮಾಡಿಕೊಡಿ" ಎಂದು ಕೇಳಿದರೆ ಅಂಗಡಿಯವರು ಗಣಕಯಂತ್ರದಲ್ಲಿ ಹಳೆಯ ಒಂದು ಕಡತವನ್ನು ತೆರೆಯುತ್ತಾರೆ. ಅದರಲ್ಲಿರುವ ಹೆಸರು ಅಳಿಸಿ ನಿಮ್ಮ ಹೆಸರು ಸೇರಿಸುತ್ತಾರೆ. ಹತ್ತು ನಿಮಿಷದಲ್ಲಿ ಎರಡು ಪುಟ ನಿಮ್ಮ ಕೈಗೆ ಬರುತ್ತದೆ.

ಈಗ ಅದೇ ಕೆಲಸವನ್ನು ನಿಮ್ಮ ಜೇಬಿನಲ್ಲಿರುವ ಫೋನು ಅರ್ಧ ನಿಮಿಷದಲ್ಲಿ ಮಾಡುತ್ತದೆ, ಬಹುಪಾಲು ಹಣವನ್ನೂ ಕೇಳುವುದಿಲ್ಲ. ಹಾಗಾದರೆ ಬಯೋಡೇಟಾ ಬರೆದುಕೊಟ್ಟು ಜೀವನ ನಡೆಸುವವರ ಗತಿಯೇನು? ನಗರಗಳಲ್ಲಿ ಇದನ್ನೇ ಪೂರ್ಣ ಉದ್ಯೋಗ ಮಾಡಿಕೊಂಡ ವೃತ್ತಿಪರರಿದ್ದಾರೆ. ಊರುಗಳಲ್ಲಿ ಡಿ.ಟಿ.ಪಿ. ಅಂಗಡಿಯವರಿದ್ದಾರೆ. ಇವರಿಬ್ಬರ ಮುಂದೆಯೂ ಇರುವ ಪ್ರಶ್ನೆ ಒಂದೇ. ನಾಳೆ ನೀವು ಯಾವ ಉದ್ಯೋಗಕ್ಕೆ ಹೋದರೂ ಇಂತಹದೇ ಪ್ರಶ್ನೆ ನಿಮ್ಮ ಮುಂದೆಯೂ ಬರಲಿದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಇತರರಿಗಾಗಿ ಬರೆಯುವ ಕಸುಬು

ತನ್ನ ಪರಿಚಯವನ್ನು ತಾನೇ ಬರೆದುಕೊಂಡು ಕೆಲಸ ಕೇಳುವ ಪದ್ಧತಿ ಹೊಸದಲ್ಲ. 1482ರ ಸುಮಾರಿನಲ್ಲಿ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಿಗೆ ಒಂದು ಪತ್ರ ಸಿದ್ಧಪಡಿಸಿದ. ತಾನು ಹಗುರವಾದ ಸೇತುವೆ ಕಟ್ಟಬಲ್ಲೆ, ಯುದ್ಧಯಂತ್ರ ಮಾಡಬಲ್ಲೆ ಎಂದು ಒಂದೊಂದಾಗಿ ಪಟ್ಟಿ ಮಾಡಿ, ಚಿತ್ರಕಲೆಯ ಮಾತನ್ನು ಕೊನೆಗೆ ಸೇರಿಸಿದ. ಯುದ್ಧದ ಚಿಂತೆಯಲ್ಲಿದ್ದ ದೊರೆಗೆ ಮೊದಲು ಏನು ಬೇಕು ಎಂಬುದು ಅವನಿಗೆ ತಿಳಿದಿತ್ತು. ಇದನ್ನು ಜಗತ್ತಿನ ಮೊದಲ ಬಯೋಡೇಟಾ ಎಂದು ಹಲವರು ಕರೆಯುತ್ತಾರೆ. ಸ್ವಾರಸ್ಯದ ಸಂಗತಿಯೆಂದರೆ, ನಮಗೆ ಉಳಿದು ಬಂದಿರುವ ಪ್ರತಿ ಲಿಯೊನಾರ್ಡೊನ ಕೈಬರಹದಲ್ಲಿಲ್ಲ. ಬೇರೊಬ್ಬ ಬರಹಗಾರನಿಂದ ಬರೆಸಿದ್ದಿರಬೇಕು ಎಂದು ವಿದ್ವಾಂಸರು ಭಾವಿಸುತ್ತಾರೆ. ಅಂದರೆ ಬಯೋಡೇಟಾ ಎಷ್ಟು ಹಳೆಯದೋ ಅದನ್ನು ಬರೆದುಕೊಡುವವರೂ ಅಷ್ಟೇ ಹಳಬರು!

ನಮ್ಮಲ್ಲಿಯೂ ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಸಣ್ಣ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತಿದ್ದವರನ್ನು ನಿಮ್ಮ ತಾತಂದಿರು ಕಂಡಿರುತ್ತಾರೆ. ಮೊದಲು ಅವರ ಕೈಯಲ್ಲಿ ಶಾಯಿಯ ಪೆನ್ನು ಇತ್ತು. ಆಮೇಲೆ ಬೆರಳಚ್ಚು ಯಂತ್ರ ಬಂತು. ಕೆ. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯಿಂದ ಕನ್ನಡವೂ ಬೆರಳಚ್ಚಿಗೆ ಒಗ್ಗಿತು. ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆ ಪಾಸು ಮಾಡಿದವರು 'ಜಾಬ್ ಟೈಪಿಂಗ್' ಎಂಬ ಬೋರ್ಡು ಹಾಕಿಕೊಂಡು ಸಂಸಾರ ಸಾಕಿದರು. ಅನಂತರ ಗಣಕಯಂತ್ರ, ಅದರ ಹಿಂದೆ 'ಬರಹ', 'ನುಡಿ' ತಂತ್ರಾಂಶಗಳು ಬಂದವು. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ ಕನ್ನಡವನ್ನು ಟೈಪ್ ಮಾಡುವುದನ್ನು ಇನ್ನಷ್ಟು ಸುಲಭಗೊಳಿಸಿತು. 2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಪಹಣಿಗಳನ್ನು ಗಣಕಕ್ಕೆ ತಂದಿತು. ಅದಾದ ಮೇಲೆ ಅರ್ಜಿಗಳೂ ಒಂದೊಂದಾಗಿ ಕಾಗದ ಬಿಟ್ಟು ಪರದೆಗೆ ಏರಿದವು.

ಪ್ರತಿ ಸಲವೂ "ಇನ್ನು ಬರೆದುಕೊಡುವವರ ಕಾಲ ಮುಗಿಯಿತು" ಎಂಬ ಮಾತು ಕೇಳಿಬಂತು. ಒಂದರ್ಥದಲ್ಲಿ ಅದು ನಿಜವೂ ಆಯಿತು. ಬೆರಳಿನ ವೇಗವೊಂದನ್ನೇ ನಂಬಿದ್ದವರಿಗೆ ಕಷ್ಟವಾಯಿತು. ಆದರೆ ಯಾವ ಕೆಲಸಕ್ಕೆ ಯಾವ ಅರ್ಜಿ, ಅದನ್ನು ಯಾರಿಗೆ ಕೊಡಬೇಕು, ಜೊತೆಗೆ ಯಾವ ದಾಖಲೆ ಇರಬೇಕು ಎಂದು ಬಲ್ಲವರ ಹತ್ತಿರ ಜನ ಹೋಗುವುದು ನಿಲ್ಲಲಿಲ್ಲ. ಅವರ ಮೇಜಿನ ಮೇಲಿನ ಯಂತ್ರ ಬದಲಾಯಿತು, ಅಷ್ಟೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಮುಂದಿನ ಮಾತಿಗೆಲ್ಲ ಇದೇ ಬುನಾದಿ.

ಯಂತ್ರ ಹೇಗೆ ಬರೆಯುತ್ತದೆ?

2022ರ ನವೆಂಬರ್ 30ರಂದು 'ಚಾಟ್‌ಜಿಪಿಟಿ' ಸಾರ್ವಜನಿಕರಿಗೆ ದೊರೆಯಿತು. ಇದರ ಹಿಂದಿರುವ 'ಟ್ರಾನ್ಸ್‌ಫಾರ್ಮರ್' ಎಂಬ ರಚನೆಯನ್ನು ಗೂಗಲ್ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ್ದರು. ಇದು ಕೆಲಸ ಮಾಡುವ ಬಗೆಯನ್ನು ಸರಳವಾಗಿ ಹೀಗೆ ಹೇಳಬಹುದು. ಅಪಾರ ಪ್ರಮಾಣದ ಬರಹವನ್ನು ಯಂತ್ರಕ್ಕೆ ಉಣಿಸಲಾಗುತ್ತದೆ. ಒಂದು ಪದದ ನಂತರ ಯಾವ ಪದ ಬರುವ ಸಂಭವ ಎಷ್ಟು ಎಂಬುದನ್ನು ಅದು ಲೆಕ್ಕ ಹಾಕಲು ಕಲಿಯುತ್ತದೆ. ನೀವು ಪ್ರಶ್ನೆ ಕೇಳಿದಾಗ ಆ ಲೆಕ್ಕದ ಮೇಲೆ ಒಂದೊಂದೇ ಪದ ಜೋಡಿಸುತ್ತಾ ಹೋಗುತ್ತದೆ. ಮೊದಲರ್ಧ ಕೇಳಿದೊಡನೆ ಗಾದೆಯ ಉಳಿದರ್ಧ ನಿಮ್ಮ ಬಾಯಿಗೆ ತಾನಾಗಿ ಬರುತ್ತದಲ್ಲವೆ? ಹೆಚ್ಚುಕಡಿಮೆ ಹಾಗೆಯೇ, ಆದರೆ ಊಹೆಗೂ ಮೀರಿದ ಪ್ರಮಾಣದಲ್ಲಿ.

ಇದರಿಂದ ಎರಡು ಫಲಗಳು ಹುಟ್ಟುತ್ತವೆ. ಮೊದಲನೆಯದು, ವಾಕ್ಯಗಳು ನಯವಾಗಿರುತ್ತವೆ. ಕಾಗುಣಿತ, ವ್ಯಾಕರಣ, ಜೋಡಣೆ ಎಲ್ಲವೂ ಚೊಕ್ಕ. ಎರಡನೆಯದು, ಎಲ್ಲರೂ ಹೆಚ್ಚಾಗಿ ಬರೆಯುವುದನ್ನೇ ಯಂತ್ರವೂ ಬರೆಯುತ್ತದೆ. "ಬಿ.ಎಸ್ಸಿ. ಮುಗಿಸಿದ ಹುಡುಗಿಗೆ ಬಯೋಡೇಟಾ ಬರೆ" ಎಂದರೆ "ಪರಿಶ್ರಮಿ, ತಂಡದಲ್ಲಿ ಬೆರೆಯುವ ಸ್ವಭಾವ, ಹೊಸದನ್ನು ಕಲಿಯುವ ಉತ್ಸಾಹ" ಎಂದು ಬರೆದುಬಿಡುತ್ತದೆ. ಆ ಮಾತು ಹಾಸನದ ಹುಡುಗನಿಗೂ ಹೊಂದುತ್ತದೆ, ಹೊನ್ನಾವರದ ಹುಡುಗಿಗೂ ಹೊಂದುತ್ತದೆ. ಎಲ್ಲರಿಗೂ ಹೊಂದುವ ಮಾತು ಯಾರ ಪರಿಚಯವನ್ನೂ ಮಾಡಿಕೊಡುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವಿವರ ಕಡಿಮೆಯಾದ ಕಡೆ ಯಂತ್ರ ಸುಮ್ಮನಿರುವುದಿಲ್ಲ. ಅಲ್ಲಿ ಏನು ಇರುವ ಸಂಭವವಿದೆಯೋ ಅದನ್ನು ತುಂಬಿಬಿಡಬಹುದು. ನೀವು ಕಲಿಯದ ತಂತ್ರಾಂಶ, ಹೋಗದ ತರಬೇತಿ, ಪಡೆಯದ ಬಹುಮಾನ ನಿಮ್ಮ ಹೆಸರಿನ ಕೆಳಗೆ ಬಂದು ಕೂರಬಹುದು. ಯಂತ್ರಕ್ಕೆ ಮೋಸದ ಉದ್ದೇಶವಿಲ್ಲ. ನಿಜ ಯಾವುದು, ನಿಜದಂತೆ ಕಾಣುವುದು ಯಾವುದು ಎಂದು ನಿಮ್ಮ ಬದುಕನ್ನು ನೋಡಿ ಹೇಳುವ ಸಾಧನ ಅದರ ಬಳಿ ಇಲ್ಲ. ಆದರೆ ಸಂದರ್ಶನದ ದಿನ ಉತ್ತರ ಹೇಳಬೇಕಾದವರು ನೀವು.

ಕೆಲಸ ಕಡಿಮೆಯಾಗುತ್ತದೆಯೆ?

ಈ ಬಗ್ಗೆ ನಡೆದಿರುವ ಕೆಲವು ಅಧ್ಯಯನಗಳನ್ನು ಗಮನಿಸಬಹುದು. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಶಾಕೆಡ್ ನಾಯ್ ಮತ್ತು ವಿಟ್ನಿ ಜಾಂಗ್ ಎಂಬ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 453 ಮಂದಿ ಪದವೀಧರ ಉದ್ಯೋಗಿಗಳಿಗೆ ಅವರವರ ವೃತ್ತಿಗೆ ಸಂಬಂಧಿಸಿದ ಬರವಣಿಗೆಯ ಕೆಲಸ ಕೊಟ್ಟು, ಅರ್ಧದಷ್ಟು ಜನರಿಗೆ ಚಾಟ್‌ಜಿಪಿಟಿ ಬಳಸಲು ಅವಕಾಶ ಕೊಡಲಾಗಿತ್ತು. ಅದನ್ನು ಬಳಸಿದವರಿಗೆ ಬೇಕಾದ ಸಮಯ ಸರಾಸರಿ ಶೇಕಡಾ 40ರಷ್ಟು ಇಳಿಯಿತು. ಬರಹದ ಗುಣಮಟ್ಟ ಶೇಕಡಾ 18ರಷ್ಟು ಏರಿತು. ಮೊದಲು ಬರವಣಿಗೆಯಲ್ಲಿ ಹಿಂದಿದ್ದವರಿಗೆ ಹೆಚ್ಚು ಲಾಭವಾಯಿತು.

ಅದೇ ವರ್ಷ ಬಂದ ಇನ್ನೊಂದು ಅಧ್ಯಯನ, ಅಂತರ್ಜಾಲದ ಮೂಲಕ ಬಿಡಿ ಕೆಲಸ ಪಡೆಯುವವರನ್ನು ಕುರಿತದ್ದು. ಚಾಟ್‌ಜಿಪಿಟಿ ಬಂದ ಮೇಲೆ, ಅದು ಮಾಡಬಲ್ಲ ಬರವಣಿಗೆಯಂತಹ ಕಸುಬಿನವರಿಗೆ ಸಿಗುವ ಕೆಲಸಗಳ ಸಂಖ್ಯೆ ತಿಂಗಳಿಗೆ ಸುಮಾರು ಶೇಕಡಾ 2ರಷ್ಟು, ಸಂಪಾದನೆ ಸುಮಾರು ಶೇಕಡಾ 5ರಷ್ಟು ಇಳಿದದ್ದನ್ನು ಅದು ತೋರಿಸಿತು. ಒಳ್ಳೆಯ ಹೆಸರಿದ್ದವರೂ ಈ ಪೆಟ್ಟಿನಿಂದ ತಪ್ಪಿಸಿಕೊಳ್ಳಲಿಲ್ಲ.

ಆದ್ದರಿಂದ ಬಯೋಡೇಟಾ ಬರೆಯುವವರಿಗೆ "ಏನೂ ಆಗುವುದಿಲ್ಲ, ಧೈರ್ಯವಾಗಿರಿ" ಎನ್ನುವುದು ಸುಳ್ಳು ಸಮಾಧಾನ. ವಾಕ್ಯ ನಯಗೊಳಿಸುವುದೊಂದೇ ಅವರ ಕಸುಬಾಗಿದ್ದರೆ ಅದಕ್ಕೆ ಇನ್ನು ಬೆಲೆ ಇಳಿಯುತ್ತದೆ. ಹಾಗಾದರೆ ಬೆಲೆ ಯಾವುದಕ್ಕೆ ಉಳಿಯುತ್ತದೆ?

ಬರೆಯುವುದಕ್ಕೆ ಮೊದಲು ಕೇಳುವುದು

ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾವಂದೂರು ಸುತ್ತಿನ ಒಂದು ಹಳ್ಳಿಯ ಹುಡುಗಿ ಬಿ.ಎಸ್ಸಿ. ಮುಗಿಸಿದ್ದಾಳೆ ಎಂದುಕೊಳ್ಳಿ. ನಂಜನಗೂಡಿನ ಒಂದು ಆಹಾರ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಬೇಕು. 'ಅನುಭವ' ಎಂಬ ಜಾಗದಲ್ಲಿ ಬರೆಯಲು ಅವಳ ಬಳಿ ಏನೂ ಇಲ್ಲ. ಫೋನನ್ನು ಕೇಳಿದರೆ "ಗುಣಮಟ್ಟ ನಿಯಂತ್ರಣದಲ್ಲಿ ಆಳವಾದ ಆಸಕ್ತಿ" ಎಂದು ಬರೆದುಕೊಡುತ್ತದೆ. ಅವಳು ಅಂಗಡಿಗೆ ಬರುತ್ತಾಳೆ. ಅಂಗಡಿಯವರು ಕೀಲಿಮಣೆಗೆ ಕೈ ಹಾಕುವ ಬದಲು ಮಾತಿಗೆ ತೊಡಗುತ್ತಾರೆ.

"ಮನೇಲಿ ಬ್ಯಾರನ್ ಅದಾ ಕಣಮ್ಮ?"

"ಅದೆ ಅಣ್ಣ, ಒಂದು."

"ಸೊಪ್ಪು ಬೇಯಿಸುವಾಗ ರಾತ್ರಿ ಹೊತ್ತು ಥರ್ಮಾಮೀಟರ್ ನೋಡೋರು ಯಾರು?"

"ಅಪ್ಪ. ಅವರು ಮಲಗಿದ ಮೇಲೆ ನಾನು. ಎರಡು ವರ್ಷದಿಂದ ನಾನೇ ನೋಡ್ತಿದ್ದೀನಿ."

"ನೋಡಿ ಏನು ಮಾಡ್ತಿದ್ದೆ? ಬರೆದಿಡ್ತಿದ್ದೆಯಾ?"

"ಹೂಂ ಅಣ್ಣ, ಗಂಟೆಗೊಂದ್ಸಲ ನೋಟ್‌ಬುಕ್ಕಲ್ಲಿ. ಜಾಸ್ತಿ ಆದ್ರೆ ಸೊಪ್ಪು ಕಪ್ಪಾಗೋಯ್ತದೆ."

ಪಿರಿಯಾಪಟ್ಟಣ, ಹುಣಸೂರು ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಈ ಸೀಮೆಯ ಹೊಗೆಸೊಪ್ಪನ್ನು ಬ್ಯಾರನ್ ಎಂಬ ಮುಚ್ಚಿದ ಮನೆಯಲ್ಲಿ ಬಿಸಿಗಾಳಿಯಿಂದ ಹದ ಮಾಡುತ್ತಾರೆ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಉಷ್ಣತೆಯನ್ನು ಮೆಲ್ಲಗೆ ಏರಿಸುತ್ತಾ ಎಲೆಯನ್ನು ಒಣಗಿಸಿ, ನಡುದಿಂಡು ಒಣಗುವ ಹೊತ್ತಿಗೆ 70 ಡಿಗ್ರಿಯ ಆಸುಪಾಸಿಗೆ ತರಬೇಕು. ಹಲವು ದಿನ ಹಗಲೂ ರಾತ್ರಿ ನಡೆಯುವ ಕೆಲಸ ಇದು. ಅವಸರ ಮಾಡಿದರೆ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ. ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ಇದು ನಿಯಂತ್ರಿತ ಉಷ್ಣತೆಯ ಪ್ರಕ್ರಿಯೆ. ಅದನ್ನು ಗಂಟೆಗೊಮ್ಮೆ ದಾಖಲಿಸಿದವಳು, ತನಗೆ ಅರಿವಿಲ್ಲದೆಯೇ ಕಾರ್ಖಾನೆಯವರು ಕೇಳುವ ಕೆಲಸವನ್ನೇ ಮಾಡಿದ್ದಾಳೆ.

ಈಗ ಅವಳ ಬಯೋಡೇಟಾದಲ್ಲಿ ಒಂದು ನಿಜವಾದ ಸಾಲು ಸಿಕ್ಕಿತು: "ಮನೆಯ ತಂಬಾಕು ಬ್ಯಾರನ್‌ನಲ್ಲಿ ಎರಡು ಹಂಗಾಮು ರಾತ್ರಿ ವೇಳೆ ಉಷ್ಣತೆಯನ್ನು ಗಂಟೆಗೊಮ್ಮೆ ಗಮನಿಸಿ ದಾಖಲಿಸಿದ ಅನುಭವ." ಈ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಅಚ್ಚುಕಟ್ಟಾಗಿ ಜೋಡಿಸುವ ಕೆಲಸವನ್ನು ಯಂತ್ರಕ್ಕೆ ಧಾರಾಳವಾಗಿ ಕೊಡಬಹುದು. ಆದರೆ ಆ ಸಂಗತಿಯನ್ನು ಹೊರಗೆ ತೆಗೆದದ್ದು ಬ್ಯಾರನ್ ಎಂದರೇನು ಎಂದು ಬಲ್ಲ ಒಬ್ಬ ಮನುಷ್ಯ ಕೇಳಿದ ಪ್ರಶ್ನೆ. ಯಂತ್ರವೂ ಪ್ರಶ್ನೆ ಕೇಳಬಲ್ಲದು. "ನಿಮ್ಮ ಅನುಭವವೇನು?" ಎಂದೇ ಅದು ಕೇಳೀತು. ಅವಳು "ಇಲ್ಲ" ಎಂದೇ ಟೈಪ್ ಮಾಡುತ್ತಾಳೆ. ಅದು ಅನುಭವ ಎಂದು ಅವಳಿಗೇ ಗೊತ್ತಿಲ್ಲ!

ಮಾತುಕತೆಯ ಕಾರ್ಯಕ್ರಮ ಮಾಡುವ ನಮಗೆ ಇದು ದಿನನಿತ್ಯದ ಅನುಭವ. ಸ್ಟುಡಿಯೊಗೆ ಬಂದ ಅತಿಥಿ ಮೊದಲ ಪ್ರಶ್ನೆಗೆ ಕೊಡುವ ಉತ್ತರ ಮನೆಯಿಂದಲೇ ಸಿದ್ಧಪಡಿಸಿಕೊಂಡು ಬಂದದ್ದು. ಮೂರನೆಯ, ನಾಲ್ಕನೆಯ ಪ್ರಶ್ನೆಗೆ ನಿಜವಾದ ಮಾತು ಹೊರಬರುತ್ತದೆ. ಬಯೋಡೇಟಾ ಬರೆಯುವವರ ಕಸುಬಿನ ತಿರುಳೂ ಅದೇ.

ಹೊಂದಿಕೊಳ್ಳುವ ದಾರಿಗಳು

ಹಾಗಾದರೆ ಈ ವೃತ್ತಿಯವರು ಏನೇನು ಮಾಡಬಹುದು? ಮುಖ್ಯವಾದ ಕೆಲವನ್ನು ನೋಡೋಣ.

ಒಂದು, ಯಂತ್ರವನ್ನು ದೂರವಿಡದೆ ಅದನ್ನು ಗುಮಾಸ್ತನಂತೆ ಬಳಸುವುದು. ಕರಡು, ಅನುವಾದ, ಕಾಗುಣಿತ ಅದರ ಪಾಲಿಗಿರಲಿ. ಉಳಿದ ಸಮಯ ಅಭ್ಯರ್ಥಿಯ ಜೊತೆ ಮಾತಿಗೆ ಮೀಸಲಾಗಲಿ. ಶುಲ್ಕವನ್ನೂ ಪುಟದ ಲೆಕ್ಕದಲ್ಲಿ ಪಡೆಯುವ ಬದಲು, ಎದುರು ಕೂತು ಕೇಳಿ ತಿಳಿದು ಸಿದ್ಧಪಡಿಸಿದ್ದಕ್ಕೆ ಪಡೆಯುವುದು ನ್ಯಾಯ.

ಎರಡು, ತಾಳೆ ನೋಡುವುದು. ಯಂತ್ರ ಬರೆದ ಪ್ರತಿ ಸಾಲಿಗೂ "ಇದಕ್ಕೆ ಆಧಾರವೇನು?" ಎಂದು ಕೇಳಬೇಕು. ಹೆಸರಿನ ವಿಷಯವನ್ನೇ ನೋಡಿ. ನಮ್ಮ ಕಡೆ ಬಹಳ ಜನಕ್ಕೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ ಇರುತ್ತದೆ. ಅರ್ಜಿ ನಮೂನೆಗಳು 'ಸರ್‌ನೇಮ್' ಕೇಳುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಒಂದು ರೀತಿ, ಬಯೋಡೇಟಾದಲ್ಲಿ ಮತ್ತೊಂದು ರೀತಿ ಆದರೆ ದಾಖಲೆ ಪರಿಶೀಲನೆಯ ದಿನ ತೊಂದರೆಯಾಗಬಹುದು. ಇದನ್ನು ಬಲ್ಲ ಸ್ಥಳೀಯ ಬರಹಗಾರರ ಒಂದು ಎಚ್ಚರಿಕೆ ನೂರು ಚಂದದ ವಾಕ್ಯಗಳಿಗಿಂತ ಮೇಲು.

ಮೂರು, ಓದುವ ಯಂತ್ರವನ್ನೂ ಅರಿಯುವುದು. ದೊಡ್ಡ ಕಂಪನಿಗಳಲ್ಲಿ ಬಂದ ಅರ್ಜಿಗಳನ್ನು ಮೊದಲು ತಂತ್ರಾಂಶವೊಂದು ಜರಡಿ ಹಿಡಿಯುವುದುಂಟು. ಎರಡು ಕಂಬಸಾಲು, ಬಣ್ಣದ ಚೌಕ, ಚಿತ್ರದೊಳಗೆ ಬರೆದ ಅಕ್ಷರ ಇವುಗಳನ್ನು ಕೆಲವು ತಂತ್ರಾಂಶಗಳು ಸರಿಯಾಗಿ ಓದಲಾರವು. ಸರಳ ವಿನ್ಯಾಸವೇ ಕ್ಷೇಮ. ಕನ್ನಡದಲ್ಲಿ ಬಯೋಡೇಟಾ ಕಳಿಸುವಾಗ ಹಳೆಯ ಫಾಂಟು ಬಳಸಿದರೆ ಆ ಕಡೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಾಣಬಹುದು. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಅದನ್ನೇ ಬಳಸಬೇಕು.

ಜರಡಿ ಹಿಡಿಯುವ ಯಂತ್ರ ಪಕ್ಷಪಾತವಿಲ್ಲದ್ದು ಎಂದೂ ತಿಳಿಯಬೇಡಿ. ಅಮೆಜಾನ್ ಕಂಪನಿ 2014ರಿಂದ ಇಂತಹ ಒಂದು ಯಂತ್ರವನ್ನು ರೂಪಿಸುತ್ತಿತ್ತು. ಹತ್ತು ವರ್ಷಗಳಲ್ಲಿ ತನಗೆ ಬಂದ ಅರ್ಜಿಗಳಿಂದ ಅದಕ್ಕೆ ಕಲಿಸಿತು. ಆ ಅರ್ಜಿಗಳಲ್ಲಿ ಬಹುಪಾಲು ಗಂಡಸರದು. ಫಲವಾಗಿ 'ಮಹಿಳಾ' ಎಂಬ ಅರ್ಥದ ಪದ ಕಂಡರೆ ಸಾಕು, ಯಂತ್ರ ಅಂಕ ಕಡಿಮೆ ಮಾಡುತ್ತಿತ್ತು. ಕಂಪನಿ ಆ ಯೋಜನೆಯನ್ನೇ ಕೈಬಿಟ್ಟ ಸಂಗತಿ 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ವರದಿಯಿಂದ ಹೊರಬಂತು. ಹಿಂದಿನ ಕಾಲದ ತಪ್ಪನ್ನು ಯಂತ್ರ ಮುಂದಿನ ಕಾಲಕ್ಕೆ ಸಾಗಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಾಲ್ಕು, ಗುಟ್ಟು ಕಾಯುವುದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮನೆಯವರ ವಿವರ ಇವು ಬಯೋಡೇಟಾಕ್ಕೆ ಬೇಕಿಲ್ಲ. ಗ್ರಾಹಕರು ನಂಬಿ ಕೊಟ್ಟ ದಾಖಲೆಯನ್ನು ಕೇಳದೆ ಯಂತ್ರಕ್ಕೆ ಉಣಿಸಬಾರದು. ಅಂಗಡಿಯ ಗಣಕಯಂತ್ರದಲ್ಲಿ ಕಡತ ಬಿಟ್ಟು, ಮುಂದೆ ಬಂದವರಿಗೆ ಅದನ್ನೇ ಮಾದರಿಯೆಂದು ತೋರಿಸಲೂ ಬಾರದು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಒಬ್ಬರ ವಿವರವನ್ನು ಬಳಸಲು ಅವರ ಒಪ್ಪಿಗೆ ಬೇಕೆಂಬ ತತ್ತ್ವ ಅದರ ತಳಹದಿ. ನಂಬಿಕೆ ಉಳಿಸಿಕೊಂಡವರ ಅಂಗಡಿಗೆ ಜನ ಮತ್ತೆ ಬರುತ್ತಾರೆ.

ಐದು, ಕಾಗದದಿಂದ ಆಚೆಗೆ ಹೋಗುವುದು. ಬಯೋಡೇಟಾ ಕೈಗೆ ಕೊಟ್ಟ ಮೇಲೆ ಅದರ ಪ್ರತಿ ಸಾಲಿನ ಮೇಲೂ ಒಂದೊಂದು ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಬಹುದು. ಪ್ರತಿ ಉದ್ಯೋಗಕ್ಕೂ ಯಾವುದನ್ನು ಮುಂದೆ ತರಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಸಬಹುದು. ಲಿಯೊನಾರ್ಡೊ ಚಿತ್ರಕಲೆಯನ್ನು ಕೊನೆಗೆ ಇಟ್ಟ ಜಾಣತನ ಇದೇ.

ನಿಮಗೆ ಎರಡು ಮಾತು

"ನಮಗೆ ಅಂಗಡಿ ಏಕೆ ಬೇಕು, ನಾವೇ ಯಂತ್ರದಿಂದ ಬರೆಸಿಕೊಳ್ಳುತ್ತೇವೆ" ಎಂದು ನೀವು ಹೇಳಬಹುದು. ಅಗತ್ಯವಾಗಿ ಮಾಡಿ. ಸುಮಾರು ಐದು ಲಕ್ಷ ಉದ್ಯೋಗಾಕಾಂಕ್ಷಿಗಳ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬಯೋಡೇಟಾದ ಭಾಷೆ ತಿದ್ದುವ ತಂತ್ರಾಂಶದ ಸಹಾಯ ಪಡೆದವರಿಗೆ ಕೆಲಸ ಸಿಕ್ಕ ಪ್ರಮಾಣ ಶೇಕಡಾ 8ರಷ್ಟು ಹೆಚ್ಚಿತ್ತು. ಇಂಗ್ಲಿಷ್ ಎಂದರೆ ಹಿಂಜರಿಯುವ ಹಳ್ಳಿಯ ವಿದ್ಯಾರ್ಥಿಗೆ ಇದು ಸಣ್ಣ ನೆರವಲ್ಲ. ಪೇಟೆಯ ಶಾಲೆಯಲ್ಲಿ ಓದಿದವನ ಮುಂದೆ ಭಾಷೆಯ ಒಂದೇ ಕಾರಣಕ್ಕೆ ಸೋಲಬೇಕಾಗಿಲ್ಲ.

ಆದರೆ ಯಂತ್ರವನ್ನು ತೆರೆಯುವ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಕಳೆದ ಮೂರು ವರ್ಷಗಳಲ್ಲಿ ನೀವು ನಿಮ್ಮ ಕೈಯಿಂದ ಮಾಡಿದ ಕೆಲಸಗಳನ್ನೆಲ್ಲ ಬರೆಯಿರಿ. ಹಾಲಿನ ಡೇರಿಯ ಲೆಕ್ಕ ಬರೆದದ್ದು, ಎನ್ನೆಸ್ಸೆಸ್ ಶಿಬಿರದಲ್ಲಿ ಅರವತ್ತು ಜನರ ಊಟದ ಉಸ್ತುವಾರಿ ನೋಡಿದ್ದು, ತಂಗಿಗೆ ಗಣಿತ ಹೇಳಿಕೊಟ್ಟದ್ದು, ಕೆಟ್ಟ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಸರಿಮಾಡಿದ್ದು. ಎಷ್ಟು, ಎಷ್ಟು ದಿನ, ಯಾರ ಜೊತೆ ಎಂಬುದನ್ನೂ ಬರೆಯಿರಿ. ಅಪ್ಪನನ್ನೋ ಅಕ್ಕನನ್ನೋ ಮೇಷ್ಟ್ರನ್ನೋ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿಸಿಕೊಳ್ಳಿ. ಆಮೇಲೆ ಆ ಹಾಳೆಯನ್ನು ಯಂತ್ರಕ್ಕೆ ಕೊಡಿ. "ಇದರಲ್ಲಿ ಇಲ್ಲದ್ದನ್ನು ಸೇರಿಸಬೇಡ" ಎಂದು ಹೇಳಿ. ಅದು ಬರೆದುಕೊಟ್ಟದ್ದನ್ನು ಗಟ್ಟಿಯಾಗಿ ಓದಿ. ಸಂದರ್ಶನದಲ್ಲಿ ಎರಡು ನಿಮಿಷ ವಿವರಿಸಲಾಗದ ಸಾಲು ಯಾವುದೇ ಇದ್ದರೂ, ಎಷ್ಟೇ ಚಂದವಿದ್ದರೂ, ಹೊಡೆದುಹಾಕಿ.

ಬಯೋಡೇಟಾ ಬರೆಯುವುದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಅದಕ್ಕೂ ಇದು ಕೆಟ್ಟ ಕಾಲವಲ್ಲ. ಆದರೆ ಟೈಪಿಂಗ್ ವೇಗಕ್ಕಿಂತ ಹೆಚ್ಚಾಗಿ ನಿಮ್ಮ ಸುತ್ತಲ ಜನರ ದುಡಿಮೆಯ ಪರಿಚಯ ಇರಬೇಕು. ಯಾವ ಕೆಲಸದಲ್ಲಿ ಯಾವ ಕೌಶಲ ಅಡಗಿದೆ ಎಂದು ಕಾಣುವ ಕಣ್ಣು ಬೇಕು. ಸುಳ್ಳು ಸೇರಿಸಿ ಎಂದು ಗ್ರಾಹಕರೇ ಕೇಳಿದಾಗ "ಬೇಡ" ಎನ್ನುವ ಧೈರ್ಯವೂ ಬೇಕು.

ರಾವಂದೂರಿನ ಆ ಹುಡುಗಿಗೆ ಕೆಲಸ ಸಿಗುತ್ತದೆಯೋ ಇಲ್ಲವೋ ಯಾರೂ ಮೊದಲೇ ಹೇಳಲಾರರು. ಆದರೆ ಸಂದರ್ಶಕರು ಅವಳ ಬಯೋಡೇಟಾದ ಮೇಲೆ ಬೆರಳಿಟ್ಟು "ಬ್ಯಾರನ್ ಎಂದರೇನಮ್ಮ?" ಎಂದು ಕೇಳಿದರೆ ಅವಳು ತಡವರಿಸುವುದಿಲ್ಲ. ಆ ಉತ್ತರ ಅವಳ ಸ್ವಂತದ್ದು. ಎರಡು ವರ್ಷ ನಿದ್ದೆಗೆಟ್ಟು ನೋಟ್‌ಬುಕ್ಕಿನಲ್ಲಿ ಬರೆದದ್ದು.